ಚರ್ಮದ ಲಿಪಿಯನ್ನು ಓದಿದ ಹೆಬ್ರಾ

ಮನುಷ್ಯನ ಅಂಗಾಂಗಗಳಲ್ಲಿ ಚರ್ಮದಷ್ಟು ಬಹಿರಂಗವಾದುದು ಇನ್ನೊಂದಿಲ್ಲ. ಎದೆಯೊಳಗಿನ ಬೇನೆ ಪಕ್ಕದ ಮನೆಯವರಿಗೆ ತಿಳಿಯದು. ಹೊಟ್ಟೆಯೊಳಗಿನ ಹುಣ್ಣನ್ನು ರೋಗಿ ತಾನಾಗಿ ಹೇಳಿಕೊಂಡ ಹೊರತು ಹೆಂಡತಿಯೂ ಅರಿಯಳು. ಚರ್ಮದ ಮೇಲೆ ಎದ್ದ ರೋಗವನ್ನಾದರೋ ಹಾದಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ, ನೋಡಿ ತಮಗೆ ತೋಚಿದ ಹೆಸರನ್ನು ಅದಕ್ಕೆ ಇಡುತ್ತಾರೆ. ಹೀಗೆ ತೋಚಿದಂತೆ ಇಟ್ಟ ಹೆಸರುಗಳಿಂದ ನಿಂತುಹೋದ ಮದುವೆಗಳೆಷ್ಟು, ಕೈತಪ್ಪಿದ ಉದ್ಯೋಗಗಳೆಷ್ಟು, ಊರ ಹೊರಗೆ ಕಳೆದ ಬಾಳುಗಳೆಷ್ಟು ಎಂಬುದನ್ನು ಎಣಿಸಿಟ್ಟವರಿಲ್ಲ. ರೋಗಕ್ಕಿಂತ ರೋಗದ ಹೆಸರೇ ಹೆಚ್ಚು ಹಿಂಸೆ ಕೊಟ್ಟ ಕ್ಷೇತ್ರವಿದು. ಈ ಹೆಸರುಗಳ ಗೋಜಲನ್ನು ತಾಳ್ಮೆಯಿಂದ ಬಿಡಿಸಿದವರಲ್ಲಿ ಅಗ್ರಗಣ್ಯನೆಂದು ನಾನು ಎಣಿಸುವುದು ವಿಯೆನ್ನಾ ನಗರದ ಫರ್ಡಿನಾಂಡ್ ಫಾನ್ ಹೆಬ್ರಾನನ್ನು.

ನಾನು ವೈದ್ಯವೃತ್ತಿಯವನು. ಮೊಣಕೈ ಮೊಣಕಾಲುಗಳ ಮೇಲೆ ಬೆಳ್ಳಗಿನ ಹೊಟ್ಟು ಕಟ್ಟಿದ ಕೆಂಪು ಮಚ್ಚೆಗಳನ್ನು ಹೊತ್ತು ಬರುವ ರೋಗಿಯ ಮೊದಲ ಪ್ರಶ್ನೆ ಇದು ಗುಣವಾಗುವುದೇ ಎಂಬುದಲ್ಲ; ಇದು ಕುಷ್ಠವೇ, ಮನೆಯ ಮಕ್ಕಳಿಗೆ ಅಂಟುವುದೇ ಎಂಬುದು. ಆ ಪ್ರಶ್ನೆಗೆ ಎರಡಕ್ಷರದಲ್ಲಿ ಅಲ್ಲ ಎಂದು ನಾನು ಉತ್ತರಿಸಬಲ್ಲೆನಾದರೆ, ಆ ಧೈರ್ಯದ ಹಿಂದೆ ನೂರೆಂಬತ್ತು ವರ್ಷಗಳ ಹಿಂದೆ ಒಬ್ಬ ತರುಣನು ಪಟ್ಟ ಶ್ರಮವಿದೆ. ಆತನ ಕಥೆಯನ್ನು ವಾಚಕರ ಮುಂದಿಡುವುದು ನನಗೆ ಋಣ ತೀರಿಸಿದಂತೆ.

ಹೆಬ್ರಾ ಹುಟ್ಟಿದ್ದು 1816ರ ಸೆಪ್ಟೆಂಬರ್ 7ರಂದು, ಮೊರೇವಿಯಾ ಪ್ರಾಂತದ ಬ್ರನೋ ಪಟ್ಟಣದಲ್ಲಿ. ಇಂದು ಚೆಕ್ ದೇಶಕ್ಕೆ ಸೇರಿರುವ ಆ ಊರು ಆಗ ಆಸ್ಟ್ರಿಯಾದ ಚಕ್ರಾಧಿಪತ್ಯದಲ್ಲಿತ್ತು. ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ 1841ರಲ್ಲಿ ಆತನು ಪದವೀಧರನಾದನು. ಆ ಕಾಲದ ವಿಯೆನ್ನಾದಲ್ಲಿ ಇಬ್ಬರು ಮಹಾಗುರುಗಳಿದ್ದರು. ಒಬ್ಬನು ರೋಕಿಟಾನ್ಸ್ಕಿ, ಸತ್ತವರ ದೇಹವನ್ನು ತೆರೆದು, ಬದುಕಿದ್ದಾಗ ಅವರನ್ನು ಬಾಧಿಸಿದ ರೋಗದ ಗುರುತನ್ನು ಅಂಗಾಂಗಗಳಲ್ಲಿ ಕಣ್ಣಾರೆ ಕಾಣುವುದು ಅವನ ಮಾರ್ಗ. ಇನ್ನೊಬ್ಬನು ಸ್ಕೋಡಾ, ಎದೆಯನ್ನು ಬಡಿದು, ಕಿವಿಗೊಟ್ಟು ಆಲಿಸಿ ಒಳಗಿನ ಸ್ಥಿತಿಯನ್ನು ನಿರ್ಣಯಿಸುವುದರಲ್ಲಿ ಅವನು ನಿಪುಣ. ಊಹೆಯನ್ನು ಬಿಟ್ಟು ಇಂದ್ರಿಯಕ್ಕೆ ಸಿಕ್ಕಿದ್ದನ್ನು ನಂಬು ಎಂಬುದು ಇಬ್ಬರ ಶಾಲೆಯ ಪಾಠವೂ ಆಗಿತ್ತು.

ಪದವಿ ಪಡೆದ ಹೆಬ್ರಾ ಸ್ಕೋಡಾನ ವಿಭಾಗವನ್ನು ಸೇರಿದನು. ಎದೆರೋಗಗಳಿಗೆ ಮೀಸಲಾದ ಆ ವಿಭಾಗಕ್ಕೆ ಚರ್ಮರೋಗಿಗಳ ಕೊಠಡಿಯೊಂದು ಅಂಟಿಕೊಂಡಿತ್ತು. ಅಲ್ಲಿ ತುಂಬಿದ್ದವರು ಬಹುಮಟ್ಟಿಗೆ ಕಜ್ಜಿ ಹತ್ತಿದ ಕೂಲಿಯವರು, ಕುಶಲಕರ್ಮಿಗಳ ಕೈಕೆಳಗಿನ ಹುಡುಗರು, ಅಲೆಮಾರಿಗಳು. ಹೆಸರು ಗಳಿಸಬೇಕೆಂಬ ವೈದ್ಯನು ಅತ್ತ ಸುಳಿಯುತ್ತಿರಲಿಲ್ಲ. ಯಾರಿಗೂ ಬೇಡವಾಗಿದ್ದ ಆ ಕೊಠಡಿಯನ್ನು ಹೆಬ್ರಾ ತನ್ನ ಗ್ರಂಥಾಲಯವನ್ನಾಗಿ ಮಾಡಿಕೊಂಡನು.

ಆತನ ಸಾಧನೆಯ ಬೆಲೆ ತಿಳಿಯಬೇಕಾದರೆ ಆಗ ವೈದ್ಯರು ನಂಬಿದ್ದುದೇನೆಂಬುದನ್ನು ಹೇಳಬೇಕು. ಶರೀರದೊಳಗಿನ ರಸಗಳು ಕೆಟ್ಟಾಗ ಆ ಕೆಡುಕು ಚರ್ಮದ ಮೂಲಕ ಹೊರಕ್ಕೆ ಬರುತ್ತದೆ ಎಂಬುದು ಗ್ರೀಕರ ಕಾಲದಿಂದ ಬಂದ ಮತ. ಅಂದಮೇಲೆ ಚರ್ಮದ ಮೇಲಿನ ಹುಣ್ಣು ಪ್ರಕೃತಿಯೇ ತೆರೆದ ಒಂದು ಬಚ್ಚಲು. ಅದನ್ನು ಮುಲಾಮು ಹಚ್ಚಿ ಮುಚ್ಚಿದರೆ ವಿಷವು ಒಳಕ್ಕೆ ತಿರುಗಿ ಶ್ವಾಸಕೋಶಕ್ಕೋ ಮಿದುಳಿಗೋ ನುಗ್ಗುತ್ತದೆ ಎಂದು ಹೆದರುತ್ತಿದ್ದರು. ಆದ್ದರಿಂದ ಕಜ್ಜಿಯ ರೋಗಿಗೂ ಭೇದಿಯ ಔಷಧ, ರಕ್ತ ತೆಗೆಯುವುದು, ಪಥ್ಯ. ನಮಗೆ ಇದು ಪರಕೀಯವಾದ ಮಾತಲ್ಲ. ರಕ್ತ ಕೆಟ್ಟಿದೆ, ಮೈಯಲ್ಲಿ ನಂಜು ಸೇರಿದೆ, ಬದನೆಕಾಯಿ ತಿಂದುದರಿಂದ ಹೀಗಾಯಿತು ಎಂಬ ಮಾತುಗಳನ್ನು ಕನ್ನಡನಾಡಿನ ಯಾವ ಮನೆಯಲ್ಲಿ ಕೇಳಿಲ್ಲ?

ಮೊದಲ ಪೆಟ್ಟು ಬಿದ್ದದ್ದು ಕಜ್ಜಿಯ ವಿಷಯದಲ್ಲಿ. ಕಜ್ಜಿಯ ಗುಳ್ಳೆಗಳ ಬಳಿ ಸಣ್ಣ ಹುಳುವೊಂದು ಇರುತ್ತದೆಂದು ಇಟಲಿಯ ಬೊನೋಮೊ 1687ರಲ್ಲಿಯೇ ಬರೆದಿದ್ದನು. ಅದನ್ನು ಸೂಜಿಯ ಮೊನೆಯಿಂದ ಎತ್ತಿ ತೋರಿಸುವ ಬಗೆಯನ್ನು ಕಾರ್ಸಿಕಾದ ವಿದ್ಯಾರ್ಥಿ ರೆನೂಚ್ಚಿ 1834ರಲ್ಲಿ ಪ್ಯಾರಿಸ್ಸಿನ ವೈದ್ಯರ ಎದುರಿಗೆ ಮಾಡಿ ತೋರಿಸಿದ್ದನು. ಆದರೂ ಹುಳುವು ರೋಗದ ಫಲವೇ ಹೊರತು ಕಾರಣವಲ್ಲವೆಂದು ಹಿರಿಯರು ಹಟ ಹಿಡಿದಿದ್ದರು. ಹೆಬ್ರಾ ವಾದಕ್ಕೆ ಇಳಿಯಲಿಲ್ಲ; ಆ ಹುಳುಗಳನ್ನು ತನ್ನ ಚರ್ಮದ ಮೇಲೆಯೇ ಬಿಟ್ಟುಕೊಂಡು ತನಗೆ ಕಜ್ಜಿ ಹತ್ತುವುದನ್ನು ನೋಡಿದನು. ಹುಳುವನ್ನು ಕೊಲ್ಲುವ ಔಷಧವನ್ನು ಹೊರಗಿನಿಂದ ಹಚ್ಚಿದಾಗ ರೋಗ ನಿಂತಿತು. ಯಾವ ವಿಷವೂ ಒಳಕ್ಕೆ ನುಗ್ಗಲಿಲ್ಲ. 1844ರಲ್ಲಿ ಆತನು ಕಜ್ಜಿಯನ್ನು ಕುರಿತು ಪ್ರಕಟಿಸಿದ ಪ್ರಬಂಧವು ಆ ಹಳೆಯ ಮತದ ಬುಡವನ್ನೇ ಅಲುಗಿಸಿತು. ಗಂಧಕ, ಡಾಂಬರು, ಮೆದುಸಾಬೂನುಗಳನ್ನು ಕೂಡಿಸಿದ ವಿಲ್ಕಿನ್ಸನ್ನನ ಮುಲಾಮನ್ನು ಆತನು ತಿದ್ದಿ ಬಳಕೆಗೆ ತಂದನು. ಅದು ಬಹುಕಾಲ ಆತನ ಹೆಸರಿನಿಂದಲೇ ನಡೆಯಿತು.

ಅನಂತರ ಇಸಬಿನ ಸರದಿ. ಜಾಪಾಳದ ಎಣ್ಣೆಯನ್ನು ಆರೋಗ್ಯವಾದ ಚರ್ಮಕ್ಕೆ ಹಚ್ಚಿ ನೋಡಿದಾಗ ಮೊದಲು ಕೆಂಪು, ಬಳಿಕ ಸಣ್ಣ ಗುಳ್ಳೆ, ಬಳಿಕ ಒಸರುವ ನೀರು, ಕೊನೆಗೆ ಹಕ್ಕಳೆ ಮತ್ತು ಹೊಟ್ಟು, ಹೀಗೆ ಇಸಬಿನ ಎಲ್ಲ ಅವಸ್ಥೆಗಳೂ ಒಂದಾದ ಮೇಲೊಂದರಂತೆ ಕಾಣಿಸಿಕೊಂಡವು. ಹಿಂದಿನವರು ಈ ಒಂದೊಂದು ಅವಸ್ಥೆಗೂ ಬೇರೆ ರೋಗದ ಹೆಸರಿಟ್ಟಿದ್ದರು. ಎಲ್ಲವೂ ಒಂದೇ ರೋಗದ ಬೇರೆ ಬೇರೆ ದಿನಗಳ ಮುಖಗಳೆಂದೂ, ಹೊರಗಿನ ಉದ್ರೇಕವೂ ಅದಕ್ಕೆ ಸಾಕಾದ ಕಾರಣವೆಂದೂ ಹೆಬ್ರಾ ತೋರಿಸಿದನು. ಸೀಸದ ಲೇಪವನ್ನು ಎಣ್ಣೆಯಲ್ಲಿ ಕದಡಿ ಆತನು ಮಾಡಿದ ಮುಲಾಮು ಇಸಬಿನ ಔಷಧವೆಂದು ಯುರೋಪಿನ ಅಂಗಡಿಗಳಲ್ಲೆಲ್ಲ ಪ್ರಸಿದ್ಧವಾಯಿತು.

ಇನ್ನು ಹೊಟ್ಟೇಳುವ ರೋಗಗಳ ಮಾತು. ನನ್ನ ಮಟ್ಟಿಗೆ ಹೆಬ್ರಾನ ಹಿರಿಮೆಯ ತಿರುಳು ಇಲ್ಲಿದೆ. ಗ್ರೀಕ್ ಭಾಷೆಯಲ್ಲಿ ಲೆಪ್ರಾ ಎಂದರೆ ಹೊಟ್ಟು ಹೊಟ್ಟಾದುದು ಎಂದರ್ಥ. ಹಿಪಾಕ್ರಟೀಸನ ಕಾಲದಲ್ಲಿ ಅದು ಸಿಪ್ಪೆ ಉದುರುವ ಚರ್ಮರೋಗಗಳಿಗೆಲ್ಲ ಸಲ್ಲುತ್ತಿದ್ದ ಹೆಸರು. ಮುಂದೆ ಭಾಷಾಂತರಕಾರರ ಕೈಯಲ್ಲಿ ಆ ಪದವು ಅಂಗಗಳನ್ನು ಮರಗಟ್ಟಿಸಿ ಮೊಂಡು ಮಾಡುವ ಕುಷ್ಠಕ್ಕೂ ಅಂಟಿಕೊಂಡಿತು. ಒಂದೇ ಶಬ್ದ, ಎರಡು ರೋಗ. ಮಧ್ಯಯುಗದ ಯುರೋಪಿನಲ್ಲಿ ಕುಷ್ಠರೋಗಿಯೆಂದು ತೀರ್ಪಾದವನು ಊರಿನಿಂದಲೂ ಬಂಧುಗಳಿಂದಲೂ ದೂರವಾಗಿ ಬಾಳಬೇಕಾಗಿತ್ತು. ಹೀಗೆ ದೂರವಾದವರಲ್ಲಿ ಬರಿಯ ಹೊಟ್ಟಿನ ರೋಗವಿದ್ದವರೂ ಸೇರಿಹೋಗಿದ್ದರೆಂದು ಚರಿತ್ರಕಾರರು ಭಾವಿಸುತ್ತಾರೆ. ನಮ್ಮ ಆಯುರ್ವೇದವೂ ಕುಷ್ಠವೆಂಬ ಒಂದೇ ಶಿರೋನಾಮದ ಕೆಳಗೆ ಹದಿನೆಂಟು ಬಗೆಗಳನ್ನು ಹೇಳಿತು. ಅವುಗಳಲ್ಲಿ ಮೀನಿನ ಹುರುಪೆಯಂತಿರುವ ಏಕಕುಷ್ಠವನ್ನು ಓದಿದ ಇಂದಿನ ವೈದ್ಯನಿಗೆ ಸೋರಿಯಾಸಿಸ್ ನೆನಪಾಗುತ್ತದೆ. ಶಾಸ್ತ್ರಕಾರರು ಮಹಾಕುಷ್ಠ, ಕ್ಷುದ್ರಕುಷ್ಠವೆಂದು ಭೇದ ಮಾಡಿದ್ದರೂ ಜನರ ಬಾಯಲ್ಲಿ ಉಳಿದದ್ದು ಕುಷ್ಠವೆಂಬ ಭಯಂಕರ ಶಬ್ದವೊಂದೇ.

ಈ ಗಂಟನ್ನು ಸಡಿಲಿಸಲು ಹೆಬ್ರಾನಿಗಿಂತ ಮುಂಚೆಯೇ ಲಂಡನ್ನಿನ ರಾಬರ್ಟ್ ವಿಲ್ಲಾನ್ ಯತ್ನಿಸಿದ್ದನು. 1798ರಿಂದ 1808ರವರೆಗೆ ಭಾಗಭಾಗವಾಗಿ ಹೊರಬಂದ ತನ್ನ ಗ್ರಂಥದಲ್ಲಿ ಆತನು ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಗುರುತುಗಳಿಂದ ಎಂಟು ವರ್ಗಗಳಾಗಿ ವಿಂಗಡಿಸಿದನು. ಹೊಟ್ಟಿನ ರೋಗಗಳಿಗೆ ಒಂದು ವರ್ಗವನ್ನೇ ಕೊಟ್ಟನು. ಆದರೆ ದುಂಡು ಮಚ್ಚೆಗಳದ್ದಕ್ಕೆ ಲೆಪ್ರಾ ಎಂದೂ ಆಕಾರವಿಲ್ಲದ್ದಕ್ಕೆ ಸೋರಿಯಾಸಿಸ್ ಎಂದೂ ಕರೆದು, ಹಳೆಯ ಹೆಸರಿನ ಶಾಪವನ್ನು ಉಳಿಸಿಬಿಟ್ಟನು. 1840ರ ದಶಕದಲ್ಲಿ ಹೆಬ್ರಾ ಈ ಎರಡನ್ನೂ ಒಂದೇ ರೋಗವೆಂದು ಕೂಡಿಸಿದನು. ದುಂಡಾಗಿರುವ ಮಚ್ಚೆ ನಾಳೆ ಪಕ್ಕದ ಮಚ್ಚೆಯೊಡನೆ ಸೇರಿ ಆಕಾರ ಕಳೆದುಕೊಳ್ಳುವುದನ್ನು ಆತನು ಹಾಸಿಗೆಯ ಬಳಿ ನಿಂತು ನೋಡಿದ್ದನು. ಆ ರೋಗಕ್ಕೆ ಸೋರಿಯಾಸಿಸ್ ಎಂಬ ಹೆಸರೊಂದನ್ನೇ ಉಳಿಸಿ, ಲೆಪ್ರಾ ಎಂಬುದನ್ನು ನಿಜವಾದ ಕುಷ್ಠಕ್ಕೆ ಬಿಟ್ಟುಕೊಟ್ಟನು. ಕಾಗದದ ಮೇಲೆ ಇದು ಒಂದು ಶಬ್ದದ ತಿದ್ದುಪಡಿ. ರೋಗಿಯ ಪಾಲಿಗಾದರೋ ಶಿಕ್ಷೆಯೊಂದರ ರದ್ದತಿ.

ಗುರುತಿಸುವ ಬಗೆ ಇಂದಿಗೂ ಬಹುಪಾಲು ಅದೇ. ಸೋರಿಯಾಸಿಸ್ಸಿನ ಮಚ್ಚೆಗೆ ಅಂಚು ಸ್ಪಷ್ಟ, ತಳ ಕೆಂಪು, ಮೇಲೆ ಒಣಗಿದ ಬೆಳ್ಳಿಬಣ್ಣದ ಹೊಟ್ಟು. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಊದಾ ಛಾಯೆಗೆ ತಿರುಗಬಹುದು. ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಕೆಳಭಾಗಗಳು ಅದಕ್ಕೆ ಪ್ರಿಯವಾದ ಸ್ಥಳಗಳು. ಉಗುರಿನಿಂದ ಮೆಲ್ಲನೆ ಕೆರೆದರೆ ಮೇಣದಬತ್ತಿಯನ್ನು ಕೆರೆದಂತೆ ಪುಡಿ ಉದುರುತ್ತದೆ. ಇನ್ನೂ ಕೆರೆದರೆ ತೆಳುಪೊರೆಯ ಕೆಳಗೆ ರಕ್ತದ ಸಣ್ಣ ಚುಕ್ಕೆಗಳು ಮೂಡುತ್ತವೆ. ಈ ಚುಕ್ಕೆಗಳ ಗುರುತಿಗೆ ಹೆಬ್ರಾನ ಶಿಷ್ಯ ಆಸ್ಪಿಟ್ಸನ ಹೆಸರು ನಿಂತಿದೆ. ಇಸಬಿನ ಅಂಚು ಹೀಗೆ ಖಚಿತವಲ್ಲ, ಅದು ಒಸರುತ್ತದೆ, ತುರಿಕೆ ಬಲು ಹೆಚ್ಚು. ಹುಳುಕಡ್ಡಿಯ ಉಂಗುರದಲ್ಲಿ ಅಂಚು ಉಬ್ಬಿ ನಡುಭಾಗ ತಿಳಿಯಾಗಿರುತ್ತದೆ. ಕುಷ್ಠದ ಮಚ್ಚೆಯಲ್ಲಿ ಹಲವು ವೇಳೆ ಸ್ಪರ್ಶಜ್ಞಾನವೇ ಇರದು. ಸೋರಿಯಾಸಿಸ್ಸಿನ ಮಚ್ಚೆಯನ್ನು ಹತ್ತಿಯ ಎಳೆಯಿಂದ ಸವರಿದರೂ ರೋಗಿ ಅರಿಯುತ್ತಾನೆ. ಕುಷ್ಠಕ್ಕೆ ರೋಗಾಣು ಕಾರಣವೆಂಬುದು ನಾರ್ವೆಯ ಹಾನ್ಸೆನ್ನನಿಂದ ತಿಳಿದದ್ದು 1873ರಲ್ಲಿ. ಅದಕ್ಕೂ ಮುಂಚೆ, ಬರಿಗಣ್ಣು ಬೆರಳುಗಳನ್ನೇ ನಂಬಿ ಈ ಎರಡು ರೋಗಗಳ ನಡುವೆ ಗೆರೆ ಎಳೆದುದು ಸಾಮಾನ್ಯ ಸಾಹಸವಲ್ಲ.

ಚಿಕಿತ್ಸೆಯಲ್ಲಿಯೂ ಹೆಬ್ರಾ ಹೊರಗಿನ ಔಷಧವನ್ನೇ ಮುಂದಿಟ್ಟನು. ನೀರು ಸಾಬೂನುಗಳಿಂದ ಹೊಟ್ಟನ್ನು ನೆನೆಸಿ ತೆಗೆಯುವುದು, ಮರದಿಂದ ಇಳಿಸಿದ ಡಾಂಬರನ್ನು ಬಳಿಯುವುದು, ಮತ್ತೆ ಸ್ನಾನ. ಮೈಯೆಲ್ಲ ಚರ್ಮ ಕಳಚಿದವರಿಗೆ, ಬೆಂಕಿಯಲ್ಲಿ ಬೆಂದವರಿಗೆ ಬೆಚ್ಚಗಿನ ನೀರು ತುಂಬಿದ ತೊಟ್ಟಿಯನ್ನೇ ಹಾಸಿಗೆಯಾಗಿ ಮಾಡಿ, ವಾರಗಟ್ಟಲೆ ಅದರಲ್ಲಿಯೇ ಉಣಿಸಿ ಮಲಗಿಸುವ ಏರ್ಪಾಟನ್ನೂ ಆತನು ಕಟ್ಟಿದನು. ಆದರೂ ಆತನು ಮತಾಂಧನಾಗಿರಲಿಲ್ಲ. ಸೋರಿಯಾಸಿಸ್ಸಿಗೆ ಪಾಷಾಣವೂ ಕರಿಮೆಣಸೂ ಸೇರಿದ, ಏಷ್ಯಾದ ಗುಳಿಗೆಗಳೆಂದು ಹೆಸರಾದ ಮಾತ್ರೆಗಳನ್ನು ಒಳಕ್ಕೂ ಕೊಡುತ್ತಿದ್ದನು. ಪಾಷಾಣವು ಮುಂದೆ ಕ್ಯಾನ್ಸರನ್ನೇ ತರಬಲ್ಲುದೆಂದು ತಿಳಿದಮೇಲೆ ಆ ಮಾತ್ರೆಗಳು ಬಳಕೆಯಿಂದ ಮರೆಯಾದವು. ಡಾಂಬರು ಮಾತ್ರ ಉಳಿಯಿತು. ಅಮೆರಿಕದ ಗೋಕರ್ಮನ್ 1925ರಲ್ಲಿ ಕಲ್ಲಿದ್ದಲ ಡಾಂಬರಿನೊಡನೆ ನೇರಳಾತೀತ ಕಿರಣಗಳನ್ನು ಕೂಡಿಸಿ ಅದಕ್ಕೆ ಹೊಸ ಬಲ ಕೊಟ್ಟನು.

ಈ ಔಷಧಗಳ ಕಥೆಯಲ್ಲಿ ನಮ್ಮ ನೆರೆಯ ಗೋವೆಗೂ ಒಂದು ಪಾತ್ರವಿದೆ. ಬ್ರೆಜಿಲ್ಲಿನ ಒಂದು ಮರದ ತಿರುಳಿನ ಪುಡಿ ಪೋರ್ಚುಗೀಸರ ಮೂಲಕ ಗೋವೆಗೆ ಬಂದು, ಗೋವೆಯ ಪುಡಿಯೆಂದೇ ಹೆಸರಾಗಿ, ಹುಳುಕಡ್ಡಿಯ ಔಷಧವಾಗಿ ಮಾರಾಟವಾಗುತ್ತಿತ್ತು. ಅದು ಸೋರಿಯಾಸಿಸ್ಸಿಗೂ ಫಲಕಾರಿಯೆಂದು ಲಂಡನ್ನಿನ ಬಾಲ್ಮನ್ನೋ ಸ್ಕ್ವೈರ್ 1876ರಲ್ಲಿ ಕಂಡುಕೊಂಡನು. ವಿಯೆನ್ನಾದಲ್ಲಿ ಹೆಬ್ರಾನ ಅಳಿಯ ಕಪೋಸಿ ಅದನ್ನು ಎತ್ತಿಹಿಡಿದನು. ಅದರ ಸಾರದ ಮಾದರಿಯಲ್ಲಿ 1916ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಕೃತಕ ಔಷಧವೇ ಆಂತ್ರಾಲಿನ್.

ಗುರುವಾಗಿಯೂ ಹೆಬ್ರಾ ಅಸಾಧಾರಣನು. 1845ರಲ್ಲಿ ಆತನು ರೋಕಿಟಾನ್ಸ್ಕಿಯ ದಾರಿಯಲ್ಲಿ ಚರ್ಮರೋಗಗಳನ್ನು ಹನ್ನೆರಡು ವರ್ಗಗಳಾಗಿ ವಿಂಗಡಿಸಿದನು. 1856ರಿಂದ 1876ರವರೆಗೆ ಆತನ ಚಿತ್ರಸಂಪುಟ ಕಂತುಕಂತಾಗಿ ಹೊರಬಂದಿತು. ಅದಕ್ಕೆ ಬಣ್ಣದ ಚಿತ್ರ ಬರೆದ ಎಲ್ಫಿಂಗರ್ ಮತ್ತು ಹೈಟ್ಸ್‌ಮನ್ ಇಬ್ಬರೂ ವೈದ್ಯರೇ. ಆದ್ದರಿಂದ ಅವರ ಕುಂಚವು ಅಂದಕ್ಕಾಗಿ ಸುಳ್ಳಾಡಲಿಲ್ಲ. 1866ರಿಂದ ಆತನ ಗ್ರಂಥ ಇಂಗ್ಲಿಷಿನಲ್ಲಿಯೂ ದೊರೆಯತೊಡಗಿತು. ರೋಗಿಯನ್ನು ಒಂದು ಮಾತೂ ಕೇಳದೆ, ಅವನ ಚರ್ಮದ ಮೇಲಿನ ಗಾಯ ಕಲೆ ಜಡ್ಡುಗಳನ್ನು ನೋಡಿಯೇ ಅವನ ಕಸುಬನ್ನು ಹೇಳಿಬಿಡುತ್ತಿದ್ದನೆಂದು ಪ್ರತೀತಿ. ಹಾಸ್ಯಪ್ರಿಯನಾದ ಆತನ ಪಾಠ ಕೇಳಲು ಅನೇಕ ದೇಶಗಳ ವಿದ್ಯಾರ್ಥಿಗಳು ವಿಯೆನ್ನಾಕ್ಕೆ ಬರುತ್ತಿದ್ದರು.

ಹೆಬ್ರಾನ ಬಾಳಿನಲ್ಲಿ ನನ್ನನ್ನು ಕಲಕುವ ಪ್ರಸಂಗವೊಂದಿದೆ. ಅದೇ ಆಸ್ಪತ್ರೆಯ ಹೆರಿಗೆಯ ವಿಭಾಗದಲ್ಲಿದ್ದ ಸೆಮ್ಮೆಲ್‌ವೈಸ್, ಬಾಣಂತಿಯರನ್ನು ಕೊಲ್ಲುತ್ತಿದ್ದ ಜ್ವರವು ವೈದ್ಯರ ಕೊಳಕು ಕೈಗಳಿಂದಲೇ ಹರಡುತ್ತದೆಂದು 1847ರಲ್ಲಿ ಕಂಡುಹಿಡಿದಾಗ ಅವನ ಮಾತನ್ನು ಕೇಳುವವರು ವಿರಳ. ಹೊರಗಿನ ಕಾರಣವನ್ನು ಕಣ್ಣಾರೆ ಕಂಡಿದ್ದ ಹೆಬ್ರಾನಿಗೆ ಅದು ಕೂಡಲೇ ಅರ್ಥವಾಯಿತು. 1847ರ ಡಿಸೆಂಬರಿನಲ್ಲಿಯೂ 1848ರ ಏಪ್ರಿಲಿನಲ್ಲಿಯೂ ವಿಯೆನ್ನಾದ ವೈದ್ಯಸಂಘದ ಪತ್ರಿಕೆಯಲ್ಲಿ ಆ ಶೋಧವನ್ನು ಲೋಕಕ್ಕೆ ಮೊದಲು ಸಾರಿದವನು ಆತನೇ. ಹದಿನೇಳು ವರ್ಷಗಳ ತರುವಾಯ, 1865ರಲ್ಲಿ, ಚಿತ್ತಸ್ವಾಸ್ಥ್ಯ ಕೆಟ್ಟ ಅದೇ ಗೆಳೆಯನನ್ನು ಹೊಸ ಚಿಕಿತ್ಸಾಲಯ ತೋರಿಸುವ ನೆಪದಿಂದ ಕರೆದೊಯ್ದು ಹುಚ್ಚಾಸ್ಪತ್ರೆಯಲ್ಲಿ ಬಿಟ್ಟುಬರುವ ಕೆಲಸವೂ ಆತನ ಪಾಲಿಗೇ ಬಂದಿತು. ಎರಡು ವಾರಗಳಲ್ಲಿ ಸೆಮ್ಮೆಲ್‌ವೈಸ್ ತೀರಿಕೊಂಡನು. ಚರ್ಮವನ್ನು ಓದಬಲ್ಲ ಕಣ್ಣಿಗೆ ಮನಸ್ಸಿನ ಬೇನೆಯನ್ನು ಓದುವ ವಿದ್ಯೆ ಆ ಕಾಲದಲ್ಲಿ ಇರಲಿಲ್ಲ.

ಹೆಬ್ರಾನ ದರ್ಶನಕ್ಕೂ ಒಂದು ಮೇರೆಯಿತ್ತೆಂಬುದನ್ನು ಹೇಳದೆ ಬಿಟ್ಟರೆ ಈ ಚರಿತ್ರೆ ಸ್ತೋತ್ರವಾಗಿಬಿಡುತ್ತದೆ. ಪ್ಯಾರಿಸ್ಸಿನ ಬಾಜಾನ್ ಮೊದಲಾದವರು ಚರ್ಮರೋಗವು ದೇಹಪ್ರಕೃತಿಯ ಹೊರಚಿಹ್ನೆಯೆಂದು ಸಾಧಿಸುತ್ತಿದ್ದರು. ವಿಯೆನ್ನಾದವರಿಗೆ ಇದು ಹಳೆಯ ರಸವಾದದ ಹೊಸ ವೇಷವಾಗಿ ಕಂಡಿತು. ಆದರೆ ಸೋರಿಯಾಸಿಸ್ ಕೆಲವರ ಕೀಲುಗಳನ್ನೂ ಹಿಡಿಯುವುದನ್ನು 1860ರಲ್ಲಿ ಹೆಸರಿಟ್ಟು ಹೇಳಿದವನು ಆ ಬಾಜಾನನೇ. ಅದು ಪ್ರತ್ಯೇಕವಾದ ಕೀಲುರೋಗವೆಂದು ಸ್ಥಿರಪಟ್ಟದ್ದು ಶತಮಾನದ ಮೇಲೆ. ಇಂದು ನಮಗೆ ತಿಳಿದಿರುವಂತೆ, ಸೋರಿಯಾಸಿಸ್ಸಿನ ಮೂಲವು ದೇಹದ ರೋಗನಿರೋಧ ವ್ಯವಸ್ಥೆ ದಾರಿ ತಪ್ಪುವುದರಲ್ಲಿದೆ. ವಂಶದ ಪಾತ್ರವೂ ಇದೆ. ನಾಲ್ಕು ವಾರಗಳಲ್ಲಿ ಬೆಳೆದು ಉದುರಬೇಕಾದ ಚರ್ಮದ ಕಣಗಳು ಕೆಲವೇ ದಿನಗಳಲ್ಲಿ ಮೇಲಕ್ಕೆ ಬಂದು ಹೊಟ್ಟಾಗಿ ಪೇರುತ್ತವೆ. ರೋಗ ತೀವ್ರವಾದವರಲ್ಲಿ ಹೃದ್ರೋಗದ ಭಯವೂ ಹೆಚ್ಚು.

ಹಾಗಾದರೆ ರಕ್ತ ಕೆಟ್ಟಿದೆ ಎಂದವರೇ ಗೆದ್ದರೇ? ನಾನು ಹಾಗೆ ತಿಳಿಯುವುದಿಲ್ಲ. ಅವರು ಹೇಳಿದ ಒಳಗು ಊಹೆಯದು, ನೋಡದೆಯೇ ಕಲ್ಪಿಸಿದ್ದು. ಹೆಬ್ರಾ ಆ ಕಲ್ಪನೆಯ ಕಸವನ್ನು ಗುಡಿಸಿ ಹಾಕಿ, ಒಂದೊಂದು ರೋಗಕ್ಕೂ ಅದರದೇ ಮುಖ, ಅದರದೇ ಹೆಸರು ಕೊಟ್ಟನು. ಹೀಗೆ ರೋಗಗಳು ಒಂದರಿಂದೊಂದು ಬೇರೆಯಾದುದರಿಂದಲೇ ಮುಂದಿನವರು ಸೋರಿಯಾಸಿಸ್ಸಿನ ನಿಜವಾದ ಒಳಗನ್ನು ಹುಡುಕಬಲ್ಲವರಾದರು. ಈ ಶತಮಾನದ ಜೈವಿಕ ಚುಚ್ಚುಮದ್ದುಗಳು ಆ ಹುಡುಕಾಟದಿಂದ ಬಂದವು. ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ಹತೋಟಿಯಲ್ಲಿಡುವ ಔಷಧಗಳು ಬೇಕಾದಷ್ಟಿವೆ. ಹೆಸರು ತಪ್ಪಿದರೆ ಈಗಲೂ ಹಾನಿ ತಪ್ಪದು. ಹುಳುಕಡ್ಡಿಗೆ ಸ್ಟೆರಾಯಿಡ್ ಮುಲಾಮು ಹಚ್ಚಿದರೆ ಅದು ಇನ್ನಷ್ಟು ಹಬ್ಬುತ್ತದೆ. ಸೋರಿಯಾಸಿಸ್ಸಿಗೆ ಸ್ಟೆರಾಯಿಡ್ ಮಾತ್ರೆ ನುಂಗಿ ಥಟ್ಟನೆ ಬಿಟ್ಟರೆ ಮೈಯೆಲ್ಲ ಕೆಂಪಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು.

1869ರಲ್ಲಿ ಪೂರ್ಣ ಪ್ರಾಧ್ಯಾಪಕನಾದ ಹೆಬ್ರಾ 1880ರ ಆಗಸ್ಟ್ 5ರಂದು ವಿಯೆನ್ನಾದಲ್ಲಿ ತೀರಿಕೊಂಡನು. ಆತನ ಪೀಠ ಕಪೋಸಿಗೆ ಬಂದಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು ಸೋರಿಯಾಸಿಸ್ ಅಂಟುರೋಗವಲ್ಲವೆಂದೂ, ಅದರ ರೋಗಿಗಳನ್ನು ದೂರವಿಡುವುದು ಅನ್ಯಾಯವೆಂದೂ ನಿರ್ಣಯದ ಮೂಲಕ ಲೋಕಕ್ಕೆ ನೆನಪಿಸಬೇಕಾಯಿತು. ಹೆಬ್ರಾ ಕೊಠಡಿಯೊಂದರಲ್ಲಿ ಕಂಡ ಸತ್ಯವು ಊರೂರಿನ ಬೀದಿಗಳನ್ನು ಇನ್ನೂ ತಲುಪಿಲ್ಲವೆಂದಾಯಿತು. ಹಬ್ಬದ ಪಂಕ್ತಿಯಲ್ಲಿ ಹೊಟ್ಟುಗಟ್ಟಿದ ಕೈಯವನೊಬ್ಬನು ನಮ್ಮ ಪಕ್ಕದ ಎಲೆಗೆ ಬಂದು ಕುಳಿತಾಗ ನಾವು ಸರಿದು ಕೂರದಿದ್ದರೆ, ಆ ಸತ್ಯವು ಅಷ್ಟರಮಟ್ಟಿಗೆ ಮುಂದೆ ನಡೆದಂತೆ.